ಒಂದೇ ತೋಟ, ಎರಡು ನೀತಿ: ಅಂತರರಾಷ್ಟ್ರೀಯ ವ್ಯಾಪಾರ ಶಾಸ್ತ್ರದಿಂದ ಬೆಳೆಗಾರರಿಗೊಂದು ಪಾಠ



ನಮ್ಮ ಸಂಘದ ಬಹುಪಾಲು ಸದಸ್ಯರ ಹಿಡುವಳಿಯಲ್ಲಿ ಕಾಫಿಯೂ ಇದೆ, ಅಡಿಕೆಯೂ ಇದೆ. ಎರಡಕ್ಕೂ ಒಂದೇ ಕೆರೆಯ ನೀರು, ಅದೇ ಆಳುಗಳು. ಗೊಬ್ಬರದ ಸಾಲವೂ ಒಂದೇ ಪಾಸ್ ಪುಸ್ತಕದ್ದು. ಆದರೆ ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಇವೆರಡೂ ಬೇರೆ ಬೇರೆ ಲೋಕದ ಬೆಳೆಗಳು. ನಮ್ಮ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹಡಗು ಹತ್ತಿ ಹೊರಗೆ ಹೋಗುತ್ತದೆ. ಅಡಿಕೆ ಹೆಚ್ಚುಕಡಿಮೆ ಎಲ್ಲವೂ ನಮ್ಮ ದೇಶದಲ್ಲೇ ಖರ್ಚಾಗುತ್ತದೆ. ಆದಕಾರಣ ಕಾಫಿಯ ಸಭೆಯಲ್ಲಿ ಕುಳಿತಾಗ ‘ಪರದೇಶಗಳು ಬಾಗಿಲು ತೆರೆಯಲಿ’ ಎಂದು ಠರಾವು ಮಾಡುವ ನಾವೇ, ಅಡಿಕೆಯ ಸಭೆಯಲ್ಲಿ ಕುಳಿತಾಗ ‘ನಮ್ಮ ಬಾಗಿಲು ಮುಚ್ಚಲಿ’ ಎಂದು ಠರಾವು ಮಾಡುತ್ತೇವೆ.

ಇದು ಇಬ್ಬಗೆಯ ಮಾತೇ? ಅಥವಾ ಎರಡು ಬೇಡಿಕೆಗಳಿಗೂ ನ್ಯಾಯವಾದ ಆಧಾರ ಇದೆಯೇ? ಸರಕಾರಕ್ಕೆ ಮನವಿ ಬರೆಯುವ ಮುನ್ನ ನಾವೇ ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು. ಏಕೆಂದರೆ ಮೇಜಿನ ಆಚೆ ಕಡೆ ಕುಳಿತ ಅಧಿಕಾರಿ ಈ ಶಾಸ್ತ್ರವನ್ನು ಓದಿಕೊಂಡೇ ಬಂದಿರುತ್ತಾನೆ. ಅರ್ಥಶಾಸ್ತ್ರದ ಎಂ.ಎ. ತರಗತಿಗಳಲ್ಲಿ ‘ಅಂತರರಾಷ್ಟ್ರೀಯ ವ್ಯಾಪಾರ: ಸಿದ್ಧಾಂತ ಮತ್ತು ನೀತಿ’ ಎಂಬ ವಿಷಯವಿರುತ್ತದೆ. ಬೆಳೆಗಾರರ ಮನೆಯ ಹುಡುಗ ಹುಡುಗಿಯರು ಈಗ ಈ ವಿಷಯವನ್ನು ಓದುತ್ತಿದ್ದಾರೆ. ಅವರ ಪುಸ್ತಕದಲ್ಲಿ ಏನಿದೆ, ಅದು ನಮ್ಮ ಅಂಗಳಕ್ಕೆ ಎಲ್ಲಿ ತಾಗುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

1. ರಿಕಾರ್ಡೋನ ಲೆಕ್ಕ

ಈ ಶಾಸ್ತ್ರದ ಮೊದಲ ಪಾಠ 1817ರಲ್ಲಿ ಡೇವಿಡ್ ರಿಕಾರ್ಡೋ ಹೇಳಿದ್ದು. ಅವನು ಕೊಟ್ಟ ಉದಾಹರಣೆ ಇದು: ಒಂದು ನಿರ್ದಿಷ್ಟ ಪ್ರಮಾಣದ ಬಟ್ಟೆ ನೇಯಲು ಇಂಗ್ಲೆಂಡಿನಲ್ಲಿ ವರ್ಷಕ್ಕೆ 100 ಆಳು ಬೇಕು, ದ್ರಾಕ್ಷಾರಸ ಮಾಡಲು 120 ಆಳು. ಪೋರ್ಚುಗಲ್ಲಿನಲ್ಲಿ ಅದೇ ಬಟ್ಟೆಗೆ 90, ಅದೇ ದ್ರಾಕ್ಷಾರಸಕ್ಕೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಹಾಗಾದರೆ ಇಂಗ್ಲೆಂಡಿನಿಂದ ಅದು ಕೊಳ್ಳುವುದಾದರೂ ಏಕೆ?

ಒಂದಕ್ಕೊಂದು ಎಂಬ ದರದಲ್ಲಿ ವಿನಿಮಯವಾಯಿತು ಎನ್ನೋಣ. ಇಂಗ್ಲೆಂಡು 100 ಆಳಿನ ಬಟ್ಟೆ ಕೊಟ್ಟು, ತಾನೇ ಮಾಡಿದ್ದರೆ 120 ಆಳು ಬೇಕಾಗುತ್ತಿದ್ದ ದ್ರಾಕ್ಷಾರಸ ಪಡೆಯುತ್ತದೆ. 20 ಆಳು ಉಳಿತಾಯ. ಪೋರ್ಚುಗಲ್ 80 ಆಳಿನ ದ್ರಾಕ್ಷಾರಸ ಕೊಟ್ಟು 90 ಆಳಿನ ಬಟ್ಟೆ ಪಡೆಯುತ್ತದೆ. 10 ಆಳು ಉಳಿತಾಯ. ಯಾರು ಹೆಚ್ಚು ಸಮರ್ಥರು ಎಂಬುದಕ್ಕಿಂತ, ಯಾರಿಗೆ ಯಾವುದರಲ್ಲಿ ಹೋಲಿಕೆಗೆ ಹೆಚ್ಚು ಅನುಕೂಲ ಎಂಬುದೇ ಮುಖ್ಯ. ಇದನ್ನೇ ತುಲನಾತ್ಮಕ ಅನುಕೂಲದ ತತ್ತ್ವ ಎನ್ನುತ್ತಾರೆ. ಕೊಕ್ಕೆಯಿಂದ ಕೊನೆ ಇಳಿಸುವುದರಲ್ಲೂ ಅಡಿಕೆ ಸುಲಿಯುವುದರಲ್ಲೂ ಒಬ್ಬನೇ ಚುರುಕಾಗಿದ್ದರೂ ಅವನನ್ನು ನಾವು ಮರದ ಕೆಲಸಕ್ಕೇ ಕಳಿಸುತ್ತೇವೆ, ಸುಲಿಯಲು ಬೇರೆಯವರನ್ನು ಕೂರಿಸುತ್ತೇವೆ. ಅಲ್ಲಿಯೂ ಇದೇ ತತ್ತ್ವ.

ಈ ಲೆಕ್ಕದಲ್ಲಿ ದೋಷವಿಲ್ಲ. ಆದರೆ ಅದರೊಳಗೆ ಒಂದು ಊಹೆ ಅಡಗಿದೆ: ಬಟ್ಟೆ ನೇಯುವವನು ನಾಳೆಯೇ ದ್ರಾಕ್ಷಿ ತೋಟಕ್ಕೆ ಹೋಗಬಲ್ಲ, ಅದರಿಂದ ಏನೂ ನಷ್ಟವಿಲ್ಲ ಎಂಬುದು. ನಮ್ಮ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

2. ಅಲುಗಾಡದ ಮರದ ಪಾಠ

ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಆಮೇಲೆ ಮರ ದಶಕಗಳ ಕಾಲ ಅಲ್ಲೇ ನಿಂತಿರುತ್ತದೆ. ಕಾಫಿ ಗಿಡ ಮೂರು ನಾಲ್ಕು ವರ್ಷಕ್ಕೆ ಫಲ ಹಿಡಿಯುತ್ತದೆ. ಈ ವರ್ಷ ಅಡಿಕೆಯ ದರ ಬಿದ್ದಿತೆಂದು ಮುಂದಿನ ವರ್ಷ ಮರವನ್ನು ಬೇರೆ ಬೆಳೆಯಾಗಿ ಮಾರ್ಪಡಿಸಲಾಗದು. ಕೂಲಿಯವರು ಮಾತ್ರ ಅಡಿಕೆ ತೋಟದಿಂದ ಕಾಫಿ ತೋಟಕ್ಕೆ, ಅಲ್ಲಿಂದ ಕಟ್ಟಡದ ಕೆಲಸಕ್ಕೆ ಹೋಗಬಲ್ಲರು.

ಇಂಥ ಸ್ಥಿತಿಯನ್ನು ವಿವರಿಸುವ ಸಿದ್ಧಾಂತವನ್ನು 1971ರಲ್ಲಿ ರೊನಾಲ್ಡ್ ಜೋನ್ಸ್ ಮತ್ತು ಪಾಲ್ ಸ್ಯಾಮ್ಯುಯಲ್‌ಸನ್ ಬೇರೆ ಬೇರೆಯಾಗಿ ಮಂಡಿಸಿದರು. ಒಂದೇ ಉದ್ಯೋಗಕ್ಕೆ ಅಂಟಿಕೊಂಡ ಸಾಧನದ ಒಡೆಯನಿಗೆ ಬೆಲೆಯ ಏರಿಳಿತದ ಪೆಟ್ಟು ಬೆಲೆ ಬದಲಾದುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಬೀಳುತ್ತದೆ ಎಂಬುದು ಅದರ ಸಾರ.

ಲೆಕ್ಕಕ್ಕಾಗಿ ಒಂದು ಅಂಕಿ ಇಟ್ಟುಕೊಳ್ಳೋಣ. ತೋಟದ ಹುಟ್ಟುವಳಿ 100 ರೂ.; ಕೂಲಿ, ಗೊಬ್ಬರ, ಔಷಧಿ ಸೇರಿ ಖರ್ಚು 60 ರೂ.; ಉಳಿಕೆ 40 ರೂ. ದರ ಶೇ. 20ರಷ್ಟು ಬಿದ್ದರೆ ಹುಟ್ಟುವಳಿ 80 ರೂ. ಆಗುತ್ತದೆ. ಕೂಲಿಯವರಿಗೆ ಬೇರೆ ಕೆಲಸವಿರುವುದರಿಂದ ಕೂಲಿ ದರ ಇಳಿಯದು, ಗೊಬ್ಬರದ ದರವೂ ಇಳಿಯದು. ಖರ್ಚು 60 ರೂ. ಹಾಗೆಯೇ ನಿಂತು ಉಳಿಕೆ 20ಕ್ಕೆ ಇಳಿಯುತ್ತದೆ. ಅಂದರೆ ದರ ಬಿದ್ದದ್ದು ಐದರಲ್ಲೊಂದು ಪಾಲು, ಬೆಳೆಗಾರನ ಆದಾಯ ಬಿದ್ದದ್ದು ಅರ್ಧ.

‘ದೇಶಕ್ಕೆ ಒಟ್ಟಿನಲ್ಲಿ ಲಾಭ’ ಎಂದು ಶಾಸ್ತ್ರ ಹೇಳುವಾಗ ಅದರೊಳಗೆ ಸೋತವರ ಲೆಕ್ಕವೂ ಸೇರಿರುತ್ತದೆ. ಗೆದ್ದವರ ಲಾಭದಿಂದ ಸೋತವರಿಗೆ ಪರಿಹಾರ ಕೊಟ್ಟರೂ ಮಿಗುತ್ತದೆ ಎನ್ನುತ್ತದೆ ಶಾಸ್ತ್ರ. ಪರಿಹಾರ ಕೊಟ್ಟೇ ಕೊಡುತ್ತಾರೆ ಎಂದು ಅದು ಹೇಳುವುದಿಲ್ಲ. ನಮ್ಮ ಮನವಿಗಳು ಈ ಸಂದಿನಲ್ಲಿ ನಿಲ್ಲಬೇಕು.

3. ದರ ಎಲ್ಲಿಂದ ಬರುತ್ತದೆ?

ಮಾರುಕಟ್ಟೆಯಲ್ಲಿ ದರವನ್ನು ಅಲ್ಲಾಡಿಸಬಲ್ಲ ದೇಶವನ್ನು ‘ದೊಡ್ಡ ದೇಶ’ ಎಂದೂ, ಬಂದ ದರವನ್ನು ಒಪ್ಪಿಕೊಳ್ಳುವ ದೇಶವನ್ನು ‘ಸಣ್ಣ ದೇಶ’ ಎಂದೂ ಈ ಶಾಸ್ತ್ರ ಕರೆಯುತ್ತದೆ. ಇದು ಭೂಪಟದ ಅಳತೆಯಲ್ಲ, ವ್ಯಾಪಾರದ ಅಳತೆ. ಜಗತ್ತಿನ ಕಾಫಿಯ ಮೂರನೆಯ ಒಂದು ಭಾಗದಷ್ಟನ್ನು ಬ್ರೆಜಿಲ್ ಬೆಳೆಯುತ್ತದೆ. ರೊಬಸ್ಟಾದಲ್ಲಿ ವಿಯೆಟ್ನಾಂ ಮೊದಲು. ನಮ್ಮ ಪಾಲು ಶೇ. 3ರಿಂದ 4ರ ಆಸುಪಾಸು. ಆದ್ದರಿಂದ ಕಾಫಿಯಲ್ಲಿ ನಾವು ಸಣ್ಣ ದೇಶ. ಅಡಿಕೆಯಲ್ಲಿ ಮಾತ್ರ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವವರೂ ನಾವೇ, ಅತಿ ಹೆಚ್ಚು ತಿನ್ನುವವರೂ ನಾವೇ. ಅಲ್ಲಿ ನಾವು ದೊಡ್ಡ ದೇಶ.

ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದೂ, ರೊಬಸ್ಟಾದ ದರ ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದೂ ನಿಗದಿಯಾಗುತ್ತದೆ. ಅದನ್ನು ಅಂಗಳದ ಮೂಟೆಗೆ ಇಳಿಸುವುದನ್ನು ಪ್ರತಿಯೊಬ್ಬ ಸದಸ್ಯರೂ ಕಲಿಯಬೇಕು. ನ್ಯೂಯಾರ್ಕಿನಲ್ಲಿ 300 ಸೆಂಟ್, ಅಂದರೆ 3 ಡಾಲರ್ ಇದೆ ಎನ್ನಿ. ಒಂದು ಪೌಂಡ್ ಎಂದರೆ 453.6 ಗ್ರಾಂ, ಆದ್ದರಿಂದ ಕಿಲೋಗೆ 6.61 ಡಾಲರ್. ಡಾಲರಿಗೆ 85 ರೂ. ಎಂದಿಟ್ಟುಕೊಂಡರೆ ಕಿಲೋಗೆ ಸುಮಾರು 562 ರೂ. 50 ಕೆ.ಜಿ. ಪಾರ್ಚ್‌ಮೆಂಟ್ ಮೂಟೆಯಲ್ಲಿ ಔಟ್‌ಟರ್ನ್ ಶೇ. 80 ಎಂದು ಹಿಡಿದರೆ ಬೀಜ 40 ಕೆ.ಜಿ. ಒಟ್ಟು 22,480 ರೂ. ಇದರಲ್ಲಿ ಕ್ಯೂರಿಂಗ್ ಖರ್ಚು, ಸಾಗಣೆ, ವ್ಯಾಪಾರಿಯ ಲಾಭ, ಗುಣಮಟ್ಟಕ್ಕೆ ತಕ್ಕ ಹೆಚ್ಚು ಕಡಿಮೆ ಕಳೆದು ಕೂಡಿದರೆ ನಮಗೆ ಸಲ್ಲಬೇಕಾದ ದರ ಸಿಗುತ್ತದೆ. ಡಾಲರ್ 88 ರೂ. ಆದರೆ ನ್ಯೂಯಾರ್ಕಿನ ದರ ಬದಲಾಗದೆಯೇ ಮೂಟೆಗೆ ಸುಮಾರು 800 ರೂ. ಏರುತ್ತದೆ. ಆದರೆ ಅದೇ ರೂಪಾಯಿ ಕುಸಿತದಿಂದ, ಹೊರದೇಶದಿಂದಲೇ ತರಿಸಬೇಕಾದ ಪೊಟ್ಯಾಷ್ ಕೂಡ ದುಬಾರಿಯಾಗುತ್ತದೆ ಎಂಬುದನ್ನು ಮರೆಯಬಾರದು.

4. ವ್ಯಾಪಾರ ಷರತ್ತು ಮತ್ತು ಒಗ್ಗಟ್ಟಿನ ಮಿತಿ

ನಾವು ಮಾರುವ ವಸ್ತುವಿನ ಬೆಲೆಯನ್ನು ಕೊಳ್ಳುವ ವಸ್ತುವಿನ ಬೆಲೆಯಿಂದ ಭಾಗಿಸಿದರೆ ಬರುವುದೇ ವ್ಯಾಪಾರ ಷರತ್ತು. ಕಚ್ಚಾ ಪದಾರ್ಥ ಮಾರುವ ದೇಶಗಳಿಗೆ ಇದು ಕಾಲಕ್ರಮದಲ್ಲಿ ಪ್ರತಿಕೂಲವಾಗುತ್ತಾ ಹೋಗುತ್ತದೆ ಎಂದು 1950ರಲ್ಲಿ ಅರ್ಜೆಂಟೀನಾದ ರೌಲ್ ಪ್ರೆಬಿಷ್ ಮತ್ತು ಹ್ಯಾನ್ಸ್ ಸಿಂಗರ್ ವಾದಿಸಿದರು. ಜನರ ಆದಾಯ ಎರಡರಷ್ಟಾದರೆ ಯಂತ್ರ, ವಾಹನಗಳ ಖರೀದಿ ಏರುವಷ್ಟು ಕಾಫಿ ಕುಡಿಯುವುದು ಏರದು ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಎಲ್ಲ ಕಾಲಕ್ಕೂ ಎಲ್ಲ ಪದಾರ್ಥಕ್ಕೂ ಇದು ಸರಿಯೇ ಎಂಬ ಚರ್ಚೆ ಇನ್ನೂ ನಿಂತಿಲ್ಲ.

ಮುಂಬಯಿಯಲ್ಲಿ ಹುಟ್ಟಿದ ಜಗದೀಶ್ ಭಗವತಿಯವರು 1958ರಲ್ಲಿ ಇನ್ನೊಂದು ವಿಚಾರ ತೋರಿಸಿಕೊಟ್ಟರು. ರಫ್ತು ಬೆಳೆಯ ಉತ್ಪತ್ತಿ ಅತಿಯಾಗಿ ಹೆಚ್ಚಿದರೆ ದರ ಎಷ್ಟು ಕುಸಿಯಬಹುದೆಂದರೆ, ಹೆಚ್ಚು ಬೆಳೆದ ದೇಶವೇ ಮೊದಲಿಗಿಂತ ಬಡವಾಗಬಹುದು. 1990ರ ದಶಕದಲ್ಲಿ ವಿಯೆಟ್ನಾಮಿನ ಕಾಫಿ ವಿಸ್ತೀರ್ಣ ಏರಿದ ಬಗೆಯನ್ನೂ, 2001ರಲ್ಲಿ ನ್ಯೂಯಾರ್ಕಿನ ದರ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಇಳಿದುದನ್ನೂ ಕಂಡವರಿಗೆ ಈ ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮಾರುಕಟ್ಟೆಯಲ್ಲಿ 2025ರ ಫೆಬ್ರವರಿಯಲ್ಲಿ ದರ 400 ಸೆಂಟನ್ನು ದಾಟಿತು ಎಂಬುದೂ ನೆನಪಿರಲಿ.

ಬೆಳೆಯುವ ದೇಶಗಳು ಒಟ್ಟುಗೂಡಿ ದರ ಕಾಯಬಹುದಲ್ಲವೇ ಎಂದು ಕೇಳಬಹುದು. ಆ ಪ್ರಯತ್ನವೂ ನಡೆಯಿತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಪ್ರತಿ ದೇಶಕ್ಕೂ ರಫ್ತಿನ ಕೋಟಾ ಗೊತ್ತುಮಾಡಲಾಯಿತು; ಕೊಳ್ಳುವ ದೇಶಗಳೂ ಅದಕ್ಕೆ ಸಹಿ ಹಾಕಿದ್ದವು. ನಡುನಡುವೆ ನಿಂತು ನಡೆದು, 1989ರ ಜುಲೈ 4ರಂದು ಕೋಟಾ ಪದ್ಧತಿ ಕೊನೆಗೊಂಡಿತು. ಕೆಲವೇ ತಿಂಗಳಲ್ಲಿ ದರ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಒಪ್ಪಂದದ ಒಳಗಿದ್ದವರು ಕೋಟಾ ಮೀರಿದ ಮಾಲನ್ನು ಹೊರಗಿನ ದೇಶಗಳಿಗೆ ಅಗ್ಗವಾಗಿ ಕೊಡುತ್ತಿದ್ದರು. ಹೆಚ್ಚಿನ ಕೋಟಾ ಯಾರಿಗೆ ಎಂಬ ಜಗಳವೂ ಮುಗಿಯಲಿಲ್ಲ. ಕೂಡಿ ನಿಂತರೆ ಎಲ್ಲರಿಗೂ ಲಾಭ, ಆದರೆ ಒಬ್ಬೊಬ್ಬರಿಗೂ ಕದ್ದು ಮಾರುವುದರಲ್ಲಿ ಇನ್ನಷ್ಟು ಲಾಭ. ಇದೇ ಕೂಟಗಳ ದೌರ್ಬಲ್ಯ ಎನ್ನುತ್ತದೆ ಶಾಸ್ತ್ರ. ಸಹಕಾರ ಸಂಘ ನಡೆಸುವವರಿಗೆ ಈ ಮಾತು ಹೊಸದಲ್ಲ. ಸಂಘಕ್ಕೆ ಮಾಲು ಹಾಕುತ್ತೇನೆಂದು ಒಪ್ಪಿ, ಮಂಡಿಯಲ್ಲಿ ಎರಡು ರೂಪಾಯಿ ಹೆಚ್ಚಾದ ದಿನ ಅತ್ತ ತಿರುಗುವುದೂ ಇದೇ ಜಾತಿಯದು.

ನಮ್ಮ ದೇಶದೊಳಗೆ 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಸೇರುತ್ತಿತ್ತು. 1992ರಿಂದ ಅದು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರುವಂತಾಯಿತು. ಅಂದಿನಿಂದ ಲಾಭವೂ ನಮ್ಮದೇ, ಅಪಾಯವೂ ನಮ್ಮದೇ.

5. ಬೇಲಿಯ ಬಗೆಗಳು

ಈಗ ನೀತಿಯ ಭಾಗಕ್ಕೆ ಬರೋಣ. ಹೊರಗಿನ ಮಾಲನ್ನು ತಡೆಯುವ ಬೇಲಿಗಳಲ್ಲಿ ಹಲವು ಬಗೆ. ದರ ಏರುವುದು ಎಲ್ಲದರಲ್ಲೂ ಒಂದೇ; ಆ ಏರಿದ ಹಣ ಯಾರ ಕೈ ಸೇರುತ್ತದೆ ಎಂಬುದರಲ್ಲಿ ವ್ಯತ್ಯಾಸ. ಸುಂಕವಾದರೆ ಸರಕಾರದ ಬೊಕ್ಕಸಕ್ಕೆ. ಆಮದಿನ ಕೋಟಾ ಆದರೆ ಲೈಸೆನ್ಸ್ ಪಡೆದವನಿಗೆ. ಕನಿಷ್ಠ ಆಮದು ದರವಾದರೆ, ಆ ದರವನ್ನು ನಿಜವಾಗಿ ಕೊಟ್ಟ ಪಕ್ಷದಲ್ಲಿ, ಹೊರದೇಶದ ಮಾರಾಟಗಾರನಿಗೆ.

ಅಡಿಕೆಗೆ ಶೇ. 100 ಆಮದು ಸುಂಕ ಇದೆ. ಅದರ ಜೊತೆಗೆ ಕನಿಷ್ಠ ಆಮದು ದರವನ್ನು ಕಿಲೋಗೆ 2017ರಲ್ಲಿ 251 ರೂ.ಗೂ, 2023ರ ಫೆಬ್ರವರಿಯಲ್ಲಿ 351 ರೂ.ಗೂ ಏರಿಸಲಾಯಿತು. ಕಾಳುಮೆಣಸಿಗೂ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂ. ಕನಿಷ್ಠ ದರ ಗೊತ್ತುಮಾಡಲಾಯಿತು. ಇವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ.

ಹೊರದೇಶದಲ್ಲಿ ಅಡಿಕೆಯ ನಿಜವಾದ ಬೆಲೆ 200 ರೂ. ಎನ್ನಿ. ಬರಿಯ ಸುಂಕವಿದ್ದಾಗ ಆಮದುಗಾರ ಬೆಲೆಯನ್ನು ಕಡಿಮೆ ತೋರಿಸಲು ನೋಡುತ್ತಾನೆ. 150 ಎಂದು ಬರೆದರೆ ಸುಂಕ 150 ಮಾತ್ರ. ಕನಿಷ್ಠ ದರ ಬಂದಾಗ ಆ ದಾರಿ ಮುಚ್ಚುತ್ತದೆ. 351 ಎಂದು ಬರೆಯಲೇಬೇಕು, ಸುಂಕವೂ 351 ಕಟ್ಟಬೇಕು. ಮಾಲಿನ 200 ಸೇರಿ ಅವನಿಗೆ ಬೀಳುವುದು 551 ರೂ. ಇದು ಬಲವಾದ ಬೇಲಿ. ಆದರೆ ವ್ಯಾಪಾರ ಒಪ್ಪಂದದಿಂದಾಗಿ ಸುಂಕವಿಲ್ಲದ ದೇಶದಿಂದ ಮಾಲು ಬಂದರೆ? 351 ಎಂದು ಬರೆಯುವುದಕ್ಕೆ ಖರ್ಚೇನೂ ಇಲ್ಲ. ಕಾಗದದ ಮೇಲೆ 351, ನಿಜಕ್ಕೂ ತಗಲಿದ್ದು 200. ಹೆಚ್ಚು ಬರೆದ 151 ರೂ. ಬೇರೆ ದಾರಿಯಲ್ಲಿ ಹಿಂದಿರುಗಬಹುದು. ಬೇಲಿ ಕಾಗದದಲ್ಲಿ ನಿಂತಿರುತ್ತದೆ, ಮಾಲು ಮಂಡಿಗೆ ಬಂದಿರುತ್ತದೆ.

ಆದ್ದರಿಂದ ಕನಿಷ್ಠ ದರವನ್ನು ಏರಿಸಿ ಎಂದು ಕೇಳುವುದಷ್ಟೇ ಸಾಲದು; ಮೂಲದ ನಿಯಮವನ್ನು ಬಿಗಿಯಾಗಿ ನಡೆಸಿ ಎಂದು ಕೇಳುವುದು ಇನ್ನೂ ಮುಖ್ಯ. ಭಾರತ ಶ್ರೀಲಂಕಾ ಒಪ್ಪಂದ 2000ರ ಮಾರ್ಚಿನಲ್ಲಿ ಜಾರಿಗೆ ಬಂತು. ರಿಯಾಯಿತಿ ಸಲ್ಲುವುದು ಆ ದೇಶದಲ್ಲೇ ಬೆಳೆದ ಅಡಿಕೆಗೆ ಮಾತ್ರ. ಮೂರನೆಯ ದೇಶದ ಮಾಲು ಅಲ್ಲಿಳಿದು ಹೊಸ ಚೀಟಿ ಅಂಟಿಸಿಕೊಂಡು ಬರುವಂತಿಲ್ಲ. ‘ಆ ದೇಶ ಬೆಳೆಯುವುದೆಷ್ಟು, ಇಲ್ಲಿಗೆ ಕಳಿಸುತ್ತಿರುವುದೆಷ್ಟು’ ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಕೇಳುವ ಮನವಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಬೇಲಿ ಯಾರನ್ನೂ ಕಾಯದೆ ಹೋಗುವುದೂ ಉಂಟು. 2025ರ ಆಗಸ್ಟಿನಲ್ಲಿ ಅಮೆರಿಕ ಬ್ರೆಜಿಲಿನ ಕಾಫಿಯ ಮೇಲೆ ಒಟ್ಟು ಶೇ. 50 ಸುಂಕ ಹೇರಿತು. ಆ ದೇಶದಲ್ಲಿ ಕಾಫಿ ಬೆಳೆಯುವುದು ಹವಾಯಿಯಂಥ ಕಡೆ ಅತ್ಯಲ್ಪ. ಕಾಯಬೇಕಾದ ಬೆಳೆಗಾರರೇ ಇಲ್ಲದಂತೆ. ಭಾರವೆಲ್ಲ ಕುಡಿಯುವವರ ಮತ್ತು ಹುರಿಯುವವರ ಮೇಲೆ ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ ಕಾಫಿಗೆ ವಿನಾಯಿತಿ ಕೊಡಬೇಕಾಯಿತು.

6. ಹುರಿದ ಬೀಜದ ಮೇಲಿನ ಸಣ್ಣ ಸುಂಕ

ಯುರೋಪ್ ಒಕ್ಕೂಟದ ಸಾಮಾನ್ಯ ಸುಂಕ ಪಟ್ಟಿಯಲ್ಲಿ ಹಸಿ ಕಾಫಿ ಬೀಜಕ್ಕೆ ಸುಂಕವಿಲ್ಲ. ಹುರಿದ ಬೀಜಕ್ಕೆ ಶೇ. 7.5. ಇಷ್ಟು ಕಡಿಮೆ ಸುಂಕದಿಂದ ಏನಾದೀತು ಎನಿಸಬಹುದು. ಮ್ಯಾಕ್ಸ್ ಕಾರ್ಡನ್ 1966ರಲ್ಲಿ ವಿವರಿಸಿದ ‘ಪರಿಣಾಮಕಾರಿ ರಕ್ಷಣೆ’ಯ ಲೆಕ್ಕ ಇಲ್ಲಿ ಕಣ್ಣು ತೆರೆಸುತ್ತದೆ. ಹುರಿದ ಕಾಫಿಯ ಬೆಲೆ 100, ಅದರಲ್ಲಿ ಹಸಿ ಬೀಜದ ಪಾಲು 80 ಎಂದಿಟ್ಟುಕೊಳ್ಳಿ. ಹುರಿಯುವವನ ಗಳಿಕೆ 20. ಸುಂಕದಿಂದ ಅಲ್ಲಿನ ಬೆಲೆ 107.5 ಆಗುತ್ತದೆ, ಬೀಜದ ಬೆಲೆ 80 ಹಾಗೆಯೇ ಇರುತ್ತದೆ. ಅವನ ಗಳಿಕೆ 27.5ಕ್ಕೆ ಏರುತ್ತದೆ. ಅಂದರೆ ಹುರಿಯುವ ಉದ್ಯಮಕ್ಕೆ ಸಿಕ್ಕ ರಕ್ಷಣೆ ಶೇ. 7.5 ಅಲ್ಲ, ಶೇ. 37.5! ನಾವು ಬೀಜವನ್ನೇ ಕಳಿಸುತ್ತಾ ಉಳಿಯಲು ಇರುವ ಕಾರಣಗಳಲ್ಲಿ ಇದೂ ಒಂದು. ‘ಬಾಗಿಲು ತೆರೆಯಿರಿ’ ಎಂಬ ನಮ್ಮ ಬೇಡಿಕೆ ನಾಟಬೇಕಾದದ್ದು ಇಲ್ಲಿ.

7. ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಭಗವತಿ ಮತ್ತು ವಿ. ಕೆ. ರಾಮಸ್ವಾಮಿಯವರು 1963ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ನೀತಿ ಶಾಸ್ತ್ರದಲ್ಲಿ ಇಂದಿಗೂ ಪಾಠವಾಗಿದೆ. ಅದರ ಸಾರ: ತೊಂದರೆ ಎಲ್ಲಿದೆಯೋ ಮದ್ದನ್ನು ಅಲ್ಲಿಗೇ ಹಾಕಬೇಕು. ದೇಶದೊಳಗಿನ ಕೊರತೆಗೆ ಗಡಿಯಲ್ಲಿ ಸುಂಕ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ನಮ್ಮ ತೋಟಕ್ಕೆ ಇದನ್ನು ಹೊಂದಿಸಿ ನೋಡಿ. ಎಲೆಚುಕ್ಕೆ ರೋಗ, ಹಳದಿ ಎಲೆ ರೋಗ, ಕೊಳೆ ರೋಗ ಇವು ಯಾವುವೂ ಆಮದಿನಿಂದ ಬಂದವಲ್ಲ. ಕನಿಷ್ಠ ದರ 500 ಆದರೂ ಇವು ವಾಸಿಯಾಗವು. ಇದಕ್ಕೆ ಬೇಕಾದದ್ದು ಸಂಶೋಧನೆ, ಔಷಧಿಗೆ ನೆರವು, ವಿಮೆ. ಗದ್ದೆ ಬಯಲುಗಳಲ್ಲಿ, ಬಯಲುಸೀಮೆಯಲ್ಲಿ ಅಡಿಕೆ ವಿಸ್ತರಿಸುತ್ತಲೇ ಇದೆ. ಆ ಫಸಲು ಮಂಡಿಗೆ ಬಂದ ದಿನ ದರ ಇಳಿದರೆ ಬಂದರಿನ ಬೇಲಿ ಏನೂ ಮಾಡಲಾರದು. 2004ರಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೇಡಿಕೆಯ ಕಡೆಯಿಂದ ಬರಬಹುದಾದ ಈ ಅಪಾಯಕ್ಕೂ ಸುಂಕದಲ್ಲಿ ಉತ್ತರವಿಲ್ಲ.

ಇಷ್ಟಾದರೂ ಬೇಲಿ ವ್ಯರ್ಥ ಎಂದು ಶಾಸ್ತ್ರ ಹೇಳುವುದಿಲ್ಲ. ಕಳ್ಳ ದಾರಿಯಿಂದ ಮಾಲು ಬರುತ್ತಿದ್ದರೆ ತೊಂದರೆ ಗಡಿಯಲ್ಲೇ ಇದೆ, ಮದ್ದೂ ಗಡಿಯಲ್ಲೇ ಸಿಗಬೇಕು. ಮರ ಬದಲಿಸಲು ವರ್ಷಗಳು ಬೇಕಾದ ಸಣ್ಣ ಬೆಳೆಗಾರನಿಗೆ ಹಠಾತ್ ಕುಸಿತದಿಂದ ರಕ್ಷಣೆ ಕೇಳುವ ಹಕ್ಕೂ ಇದೆ. ಆದರೆ ಬೇಲಿ ಕೊಟ್ಟ ಕಾಲವನ್ನು ನಾವು ಹೇಗೆ ಬಳಸುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

8. ಈ ವಿಷಯ ಓದುವ ಮಕ್ಕಳಿಗೆ

ಸಿದ್ಧಾಂತವನ್ನು ಅದು ಬೆಳೆದ ಕ್ರಮದಲ್ಲೇ ಓದಿ: ಮೊದಲು ರಿಕಾರ್ಡೋ, ಆಮೇಲೆ ಸ್ವೀಡನ್ನಿನ ಹೆಕ್ಷರ್ ಮತ್ತು ಓಲಿನ್, ಬಳಿಕ 1941ರ ಸ್ಟೋಲ್ಪರ್ ಸ್ಯಾಮ್ಯುಯಲ್‌ಸನ್ ಪ್ರಮೇಯ, ಅನಂತರ 1979ರಿಂದ ಪಾಲ್ ಕ್ರುಗ್‌ಮನ್ ತಂದ ಹೊಸ ದಾರಿ. ಕಲನಶಾಸ್ತ್ರವೂ ಸಂಖ್ಯಾಶಾಸ್ತ್ರವೂ ಚೆನ್ನಾಗಿ ಬರಬೇಕು. ಅದಿಲ್ಲದೆ ಈ ಪುಸ್ತಕಗಳು ತೆರೆದುಕೊಳ್ಳವು. ಪ್ರತಿ ಪ್ರಮೇಯಕ್ಕೂ ಮೂರು ಪ್ರಶ್ನೆ ಕೇಳಿ: ಇಲ್ಲಿ ಏನು ಅಲುಗಾಡುತ್ತದೆ? ಏನು ಅಲುಗಾಡುವುದಿಲ್ಲ? ಸೋತವರು ಯಾರು? ರಜೆಗೆ ಬಂದಾಗ ಅಪ್ಪನ ಖಾತೆ ಪುಸ್ತಕದ ಮುಂದೆ ಕುಳಿತು ಆ ಪ್ರಮೇಯವನ್ನು ಪರೀಕ್ಷಿಸಿ. ಗ್ರಂಥಾಲಯದಲ್ಲಿ ಸಿಗದ ಅಂಕಿಗಳು ಅದರಲ್ಲಿವೆ.

9. ನಮ್ಮ ಸಂಘದ ಮುಂದೆ

ಆರಂಭದ ಪ್ರಶ್ನೆಗೆ ಉತ್ತರ ಹೀಗಿದೆ. ಕಾಫಿಗೆ ಒಂದು, ಅಡಿಕೆಗೆ ಒಂದು ನೀತಿ ಕೇಳುವುದು ಇಬ್ಬಗೆಯ ಮಾತಲ್ಲ, ಏಕೆಂದರೆ ಎರಡರ ಮಾರುಕಟ್ಟೆಯೂ ಬೇರೆ. ಆದರೆ ಎರಡು ಮನವಿಯಲ್ಲೂ ಕಾರಣ ಒಂದೇ ಇರಬೇಕು: ನಿಯಮ ಎಲ್ಲರಿಗೂ ಒಂದಾಗಿರಲಿ, ನಂಬಿ ನೆಟ್ಟವನಿಗೆ ಹೊಂದಿಕೊಳ್ಳಲು ಕಾಲ ಸಿಗಲಿ. ಈ ಆಧಾರದ ಮೇಲೆ ಮುಂದಿನ ಮಹಾಸಭೆಯಲ್ಲಿ ಮೂರು ಅಂಶಗಳನ್ನು ಚರ್ಚೆಗೆ ಇಡಲಿದ್ದೇವೆ. ಒಂದು, ಅಡಿಕೆ ಮತ್ತು ಮೆಣಸಿಗೆ ಕನಿಷ್ಠ ದರದ ಜೊತೆಗೆ ಮೂಲದ ನಿಯಮದ ಕಟ್ಟುನಿಟ್ಟಾದ ತಪಾಸಣೆ. ಎರಡು, ವ್ಯಾಪಾರ ಮಾತುಕತೆಗಳಲ್ಲಿ ಹುರಿದ ಮತ್ತು ಪುಡಿ ಮಾಡಿದ ಕಾಫಿಯ ಮೇಲಿನ ಪರದೇಶಿ ಸುಂಕವನ್ನು ಇಳಿಸುವಂತೆ ಒತ್ತಾಯ. ಮೂರು, ರೋಗ ಸಂಶೋಧನೆ ಮತ್ತು ವಿಮೆಗೆ ನೇರ ನೆರವು.

ಸಭೆಗೆ ಬರುವ ಮುನ್ನ ಸದಸ್ಯರು ಒಂದು ಅಭ್ಯಾಸ ಮಾಡಿಕೊಂಡು ಬರಬೇಕೆಂದು ಕೋರುತ್ತೇವೆ. ನಿಮ್ಮ ಹಳೆಯ ಪುಸ್ತಕ ತೆಗೆದು, ಒಂದು ಆಳಿನ ಒಂದು ದಿನದ ಕೂಲಿಗೆ ಎಷ್ಟು ಕಿಲೋ ಕಾಫಿ, ಎಷ್ಟು ಕಿಲೋ ಚಾಲಿ ಮಾರಬೇಕಾಗಿತ್ತು ಎಂಬುದನ್ನು ಹತ್ತು ಹತ್ತು ವರ್ಷದ ಅಂತರದಲ್ಲಿ ಬರೆದಿಡಿ. ಒಂದು ಮೂಟೆ ಪೊಟ್ಯಾಷಿಗೂ ಹಾಗೆಯೇ ಮಾಡಿ. ಅದು ನಿಮ್ಮ ಸ್ವಂತ ವ್ಯಾಪಾರ ಷರತ್ತು. ಎಲ್ಲರ ಅಂಕಿ ಒಟ್ಟುಗೂಡಿಸಿದರೆ ನಮ್ಮ ಮನವಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಬೇಕಿಲ್ಲ. ಚೀಟಿಗಳನ್ನು ಸಂಘದ ಕಚೇರಿಯಲ್ಲಿ ಸ್ವೀಕರಿಸಲಾಗುವುದು.